ಗೇರ್‌ಬಾಕ್ಸ್ ಇಳಿಸುವ ಮುನ್ನ: ಹಳೆಯ ಬಾಕ್ಸ್‌ಸ್ಟರ್ ಒಂದನ್ನು ಕೊಂಡ ಪ್ರಕರಣ

ಕಾರು 2004ರ ಪೋರ್ಷೆ ಬಾಕ್ಸ್‌ಸ್ಟರ್ ಎಸ್, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. 3.2 ಲೀಟರಿನ ಆರು ಸಿಲಿಂಡರ್ ಎಂಜಿನ್, ಆರು ಗೇರಿನ ಮ್ಯಾನ್ಯುಯಲ್, 94,000 ಮೈಲಿ ಓಡಿದ್ದು. ಜಾಗ ಕ್ಯಾಲಿಫೋರ್ನಿಯಾದ ಬೇ ಏರಿಯಾ. ಕೊಳ್ಳಲು ಹೊರಟವನು ತೀರ್ಥಹಳ್ಳಿ ಕಡೆಯ ನನ್ನ ಗೆಳೆಯ, ಫ್ರೀಮಾಂಟ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಇಲ್ಲಿ ಅವನನ್ನು ಸುಧೀಂದ್ರ ಎನ್ನುತ್ತೇನೆ, ಅದು ನಿಜವಾದ ಹೆಸರಲ್ಲ. ಮಾರುವವರು ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಶಾಲಾ ಮೇಷ್ಟ್ರು. ಅವರು ಜಾಹೀರಾತಿನಲ್ಲೇ ಕಾರಿನ ಕಾಯಿಲೆಗಳನ್ನು ಬರೆದುಬಿಟ್ಟಿದ್ದರು: ಕ್ಲಚ್ ತೀರಾ ಮೇಲೆ ಹಿಡಿಯುತ್ತದೆ, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ ಆಯಿಲ್ ಒಸರುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಬಿಳಿ ಹೊಗೆ ಬರುತ್ತದೆ, ಮಡಚುವ ಬಟ್ಟೆ ಚಾವಣಿ ಎಡಗಡೆ ತಡೆಯುತ್ತದೆ. ಕೇಳಿದ ಬೆಲೆ 11,500 ಡಾಲರ್.

ಸುಧೀಂದ್ರ ಮೊದಲು ಮನಸೋತದ್ದು ಇದಕ್ಕಲ್ಲ. ಅದೇ ವರ್ಷದ, ಅದೇ ಎಂಜಿನ್ನಿನ ಬೆಳ್ಳಿ ಬಣ್ಣದ ಇನ್ನೊಂದು ಬಾಕ್ಸ್‌ಸ್ಟರ್ ಎಸ್ ವಾಲ್ನಟ್ ಕ್ರೀಕ್‌ನಲ್ಲಿತ್ತು. ಬರೇ 31,000 ಮೈಲಿ, ಒಳಗೆ ಚರ್ಮ ಸುಕ್ಕಾಗಿರಲಿಲ್ಲ, ಯಾವ ದೋಷವನ್ನೂ ಬರೆದಿರಲಿಲ್ಲ. ಬೆಲೆ 17,900. "ಕಡಿಮೆ ಓಡಿದ ಕಾರು ಬಿಟ್ಟು ಓಡಿ ಓಡಿ ಸೋತದ್ದನ್ನ ಯಾರಾದ್ರೂ ತಗೋತಾರೇನೋ ಮಾರಾಯ?" ಎಂದು ಅವನು ಕೇಳಿದ. ಸಾಮಾನ್ಯವಾಗಿ ಅವನ ಮಾತು ಸರಿಯೇ. ಈ ಒಂದು ಎಂಜಿನ್ನಿನ ಮಟ್ಟಿಗೆ ಮಾತ್ರ ಉಲ್ಟಾ.

ಆ ಒಂದು ಬೇರಿಂಗು

986 ಎಂಬ ಕೋಡಿನ ಮೊದಲ ತಲೆಮಾರಿನ ಬಾಕ್ಸ್‌ಸ್ಟರ್ 1996ರಲ್ಲಿ ಬಂತು. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಪೋರ್ಷೆ ಮುಳುಗುವ ಸ್ಥಿತಿಯಲ್ಲಿತ್ತು. ಖರ್ಚು ಉಳಿಸಲೆಂದು ಬಾಕ್ಸ್‌ಸ್ಟರ್‌ಗೂ ಕಂಪನಿಯ ಇನ್ನೊಂದು ಸ್ಪೋರ್ಟ್ಸ್ ಕಾರಾದ 911ರ ಮುಂದಿನ ತಲೆಮಾರಿಗೂ (ಕೋಡು 996) ಮುಂಭಾಗದ ಎಷ್ಟೋ ಬಿಡಿಭಾಗಗಳನ್ನು, ಎಂಜಿನ್ನಿನ ಮೂಲ ವಿನ್ಯಾಸವನ್ನು ಒಂದೇ ಇಟ್ಟರು. ಬೇಡಿಕೆ ಹೆಚ್ಚಾದ ಮೇಲೆ ಬಾಕ್ಸ್‌ಸ್ಟರ್‌ಗಳನ್ನು ಫಿನ್‌ಲೆಂಡಿನ ವಾಲ್ಮೆಟ್ ಕಾರ್ಖಾನೆಯಲ್ಲೂ ಜೋಡಿಸಿದರು. ಚಾಸಿ ನಂಬರಿನ ಹನ್ನೊಂದನೆಯ ಅಕ್ಷರ ಯು ಇದ್ದರೆ ಆ ಕಾರು ಫಿನ್‌ಲೆಂಡಿನ ಊಸಿಕೌಪುಂಕಿಯದ್ದು, ಎಸ್ ಇದ್ದರೆ ಜರ್ಮನಿಯ ಸ್ಟುಟ್‌ಗಾರ್ಟ್‌ನದ್ದು. ಮೇಷ್ಟ್ರ ಕಾರು ಫಿನ್‌ಲೆಂಡಿನದ್ದು. ಇದರಿಂದ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಆದರೂ ಎಲ್ಲರೂ ನೋಡುತ್ತಾರೆ.

ಎಂ96 ಎಂಬ ಈ ಎಂಜಿನ್ನಿನೊಳಗೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ನಿಂದ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಗಳಿಗೆ ಚಾಲನೆ ಸಾಗಿಸುವ ಒಂದು ನಡುದಂಡವಿದೆ. ಇಂಟರ್‌ಮೀಡಿಯೆಟ್ ಶಾಫ್ಟ್, ಎಲ್ಲರ ಬಾಯಲ್ಲಿ ಐಎಂಎಸ್. ಅದರ ಒಂದು ತುದಿ, ಅಂದರೆ ಗೇರ್‌ಬಾಕ್ಸಿಗೆ ಕೂಡುವ ಫ್ಲೈವೀಲ್ ಕಡೆಯದ್ದು, ಒಂದು ಬಾಲ್ ಬೇರಿಂಗಿನ ಮೇಲೆ ನಿಂತಿದೆ. ಎಂಜಿನ್ನಿನ ತುಂಬ ಆಯಿಲ್ ಹರಿಯುತ್ತಿದ್ದರೂ ಆ ಬೇರಿಂಗಿಗೆ ಕೊಟ್ಟದ್ದು ಒಳಗೇ ಗ್ರೀಸ್ ತುಂಬಿ ಸೀಲ್ ಮಾಡಿದ ಬೇರಿಂಗು. ವರ್ಷಗಳು ಕಳೆದಂತೆ ಸೀಲ್ ಗಟ್ಟಿಯಾಗುತ್ತದೆ, ಆಯಿಲ್ ಒಳನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಒಳಹೋದ ಆಯಿಲ್ ಅಲ್ಲೇ ಕೂತು ಹಳಸುತ್ತದೆ, ಹೊಸ ಆಯಿಲ್ ಸರಾಗವಾಗಿ ಹೋಗುವುದಿಲ್ಲ. ಮುಂದೆ ಗುಂಡುಗಳು ಸವೆದು ಬೇರಿಂಗ್ ಒಡೆದರೆ ದಂಡ ಅಲುಗುತ್ತದೆ, ಟೈಮಿಂಗ್ ತಪ್ಪುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಹೊಡೆಯುತ್ತವೆ. ಆಮೇಲೆ ಎಂಜಿನ್ ಬಿಚ್ಚಿ ಕಟ್ಟುವ ಖರ್ಚು ಇಂಥ ಕಾರಿನ ಬೆಲೆಯನ್ನೇ ಮೀರುತ್ತದೆ.

ಮೊದಮೊದಲ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. 2000-01ರ ಸುಮಾರಿಗೆ ಒಂದೇ ಸಾಲಿನದ್ದಕ್ಕೆ ಬದಲಾಯಿತು, 2005ರವರೆಗೂ ಅದೇ ನಡೆಯಿತು. 2006ರಿಂದ 2008ರವರೆಗೆ ದೊಡ್ಡ ಬೇರಿಂಗ್ ಬಂತು; ಅದು ಗಟ್ಟಿ, ಆದರೆ ಎಂಜಿನ್ ಬ್ಲಾಕನ್ನೇ ಎರಡಾಗಿ ಬಿಡಿಸದೆ ಹೊರಗೆ ತೆಗೆಯಲಾಗದು. 2009ರ ಹೊಸ ಎಂಜಿನ್ನಿನಲ್ಲಿ ಈ ದಂಡವೇ ಇಲ್ಲ. ಅಮೆರಿಕದಲ್ಲಿ 2001ರಿಂದ 2005ರ ಮಾದರಿಗಳ ಮಾಲೀಕರು ಒಟ್ಟಾಗಿ ಹೂಡಿದ ಮೊಕದ್ದಮೆ 2013ರಲ್ಲಿ ರಾಜಿಯಾಯಿತು. ಆ ವ್ಯಾಜ್ಯದಿಂದ ಹೊರಬಿದ್ದು ಎಲ್ಲರೂ ಉದ್ಧರಿಸುವ, ಬೇರಿಂಗ್ ಕೆಟ್ಟ ಕಾರುಗಳ ಲೆಕ್ಕ ಇದು: ಒಂದು ಸಾಲಿನ ಬೇರಿಂಗಿನಲ್ಲಿ ಸುಮಾರು ಶೇ. 8, ಎರಡು ಸಾಲಿನದ್ದರಲ್ಲಿ ಶೇ. 1ರ ಆಸುಪಾಸು. ರಾಜಿಯಲ್ಲಿ ಸಿಗುತ್ತಿದ್ದ ಪರಿಹಾರದ ಅವಧಿ 2004ರ ಕಾರಿಗೆ ಎಂದೋ ಮುಗಿದಿದೆ.

ಶೇ. 8 ಅಂದರೆ ನೂರರಲ್ಲಿ ತೊಂಬತ್ತೆರಡು ಕಾರು ಆರಾಮಾಗಿ ಓಡಿವೆ ಎಂದೂ ಆಯಿತು. ಆದರೆ ಯಾವ ಕಾರುಗಳು ಓಡಿವೆ? ಈ ಎಂಜಿನ್ನುಗಳನ್ನೇ ಬಿಚ್ಚಿ ಬದುಕುವ ಮೆಕ್ಯಾನಿಕ್ಕುಗಳು ಹೇಳುವುದು ಒಂದೇ ಮಾತು: ದಿನಾ ಓಡುವ, ಬಿಸಿಯಾಗುವ, ಬೇಗಬೇಗ ಆಯಿಲ್ ಬದಲಾಗುವ ಕಾರಿನ ಬೇರಿಂಗ್ ಬಾಳುತ್ತದೆ. ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿ, ಭಾನುವಾರ ಐದು ಮೈಲಿ ಓಡಿ ಮತ್ತೆ ಮಲಗುವ ಕಾರಿನಲ್ಲಿ ಆಯಿಲಿಗೆ ನೀರಿನಂಶ, ಆಮ್ಲ ಸೇರುತ್ತದೆ, ಬೇರಿಂಗ್ ಅದರಲ್ಲೇ ನೆನೆಯುತ್ತದೆ. ಮಾರುಕಟ್ಟೆ ಮಾತ್ರ ಮಲಗಿದ ಕಾರಿಗೇ ಹೆಚ್ಚು ದುಡ್ಡು ಕೊಡುತ್ತದೆ.

ಬೆಳ್ಳಿ ಕಾರು

ಆದರೂ ಅವನ ಸಮಾಧಾನಕ್ಕೆ ಮೊದಲು ವಾಲ್ನಟ್ ಕ್ರೀಕ್‌ಗೆ ಹೋದೆವು. ಕಾರು ಚಂದವಿತ್ತು, ಅದರಲ್ಲಿ ಎರಡು ಮಾತಿಲ್ಲ. ಟೈರುಗಳಲ್ಲಿ ಗೆರೆ ತುಂಬ ಇತ್ತು. ಪಕ್ಕದ ಗೋಡೆಯ ನಾಲ್ಕಂಕಿಯ ತಾರೀಖು ಓದಿದರೆ ಹತ್ತು ವರ್ಷ ದಾಟಿದವು. ಇಂಥ ಟೈರು ನೋಡಲು ಹೊಸದು, ಹಿಡಿತಕ್ಕೆ ಕಲ್ಲು. ಸರ್ವಿಸ್ ಪುಸ್ತಕದಲ್ಲಿ ಎರಡು ಮೂರು ವರ್ಷಕ್ಕೊಂದು ಮುದ್ರೆ. ಸ್ಕ್ಯಾನರ್ ಚುಚ್ಚಿದಾಗ ಹೊಗೆ ತಪಾಸಣೆಗೆ ಬೇಕಾದ ಮಾನಿಟರುಗಳು, ಅಂದರೆ ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು, ಪೂರ್ತಿಯಾಗಿರಲಿಲ್ಲ. "ಹೊಸ ಬ್ಯಾಟರಿ ಹಾಕಿಸಿದೆ, ಅದಕ್ಕೇ" ಎಂದರು ಮಾಲೀಕರು. ಅದು ನಿಜವೇ ಇರಬಹುದು. ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡು ಅಳಿಸಿದರೂ ಹಾಗೇ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ತಪಾಸಣೆಯ ಪ್ರಮಾಣಪತ್ರ ಕೊಡುವುದು ಮಾರುವವರ ಹೊಣೆ, 2000ದ ನಂತರದ ಪೆಟ್ರೋಲ್ ಕಾರುಗಳಿಗೆ ಆವಿ ವ್ಯವಸ್ಥೆಯ ಒಂದು ಮಾನಿಟರ್ ಬಿಟ್ಟು ಉಳಿದೆಲ್ಲ ಪೂರ್ತಿ ಆಗಿರಲೇಬೇಕು. ಅದನ್ನು ಮಾಡಿಸಿ ಕೊಡಿ ಎಂದೆವು. "ಯಾರು ಮೊದಲು ಬಂದರೆ ಅವರಿಗೆ" ಎಂಬ ಉತ್ತರ ಬಂತು.

ಆಯಿಲ್ ಫಿಲ್ಟರ್ ಬಿಚ್ಚಿ ನೋಡಲು ಕೇಳಿದೆವು, ಒಪ್ಪಲಿಲ್ಲ. ನನ್ನ ಮಟ್ಟಿಗೆ ಮಾತುಕತೆ ಅಲ್ಲಿಗೇ ಮುಗಿಯಿತು. ಸುಧೀಂದ್ರನಿಗೆ ಇನ್ನೂ ಒಂದು ವಾರ ಬೇಕಾಯಿತು.

ಮೇಷ್ಟ್ರ ಕಾರು ಲಿಫ್ಟಿನ ಮೇಲೆ

ಮೇಷ್ಟ್ರ ಹತ್ತಿರ ದಪ್ಪ ಫೈಲ್ ಇತ್ತು. ಪ್ರತಿ ಐದಾರು ಸಾವಿರ ಮೈಲಿಗೆ ಆಯಿಲ್ ಬದಲಿಸಿದ ರಸೀದಿ, ವಾಟರ್ ಪಂಪು ಒಮ್ಮೆ ಬದಲಿಸಿದ್ದು, ಇಗ್ನಿಷನ್ ಕಾಯಿಲ್‌ಗಳು ಒಮ್ಮೆ. 58,000 ಮೈಲಿಯಲ್ಲಿ ಕ್ಲಚ್ ಮತ್ತು ಕ್ರ್ಯಾಂಕಿನ ಹಿಂಬದಿ ಆಯಿಲ್ ಸೀಲ್ ಹಾಕಿಸಿದ ಬಿಲ್ಲೂ ಇತ್ತು. "ಐಎಂಎಸ್ ಕೂಡ ಆಗಲೇ ಮಾಡಿಸಿರಬೇಕು ಅನ್ನಿಸುತ್ತೆ" ಎಂದರು. ಬಿಲ್ಲಿನ ಪ್ರತಿ ಸಾಲನ್ನೂ ಓದಿದೆವು. ಬೇರಿಂಗಿನ ಸುದ್ದಿ ಎಲ್ಲೂ ಇಲ್ಲ. ಆ ಬೇರಿಂಗಿನ ಕಿಟ್ ಯಾರೂ ಬರೆಯಲು ಮರೆಯುವಷ್ಟು ಅಗ್ಗದ್ದಲ್ಲ. ಹಾಗಾಗಿ ಮಾಡಿಸಿಲ್ಲ ಎಂದೇ ಲೆಕ್ಕ ಹಿಡಿದೆವು. ಅವರು ಸುಳ್ಳು ಹೇಳಿದರು ಎಂದು ನನಗೆ ಅನ್ನಿಸಲಿಲ್ಲ. ಹತ್ತು ವರ್ಷದ ಹಿಂದಿನ ರಿಪೇರಿ ಯಾರಿಗೆ ನೆನಪಿರುತ್ತದೆ?

ಕೊಳ್ಳುವ ಮುಂಚಿನ ತಪಾಸಣೆಗೆ ಪೋರ್ಷೆ ಮಾತ್ರ ನೋಡುವ ಒಂದು ಸ್ವತಂತ್ರ ಗ್ಯಾರೇಜಿಗೆ ಕಾರು ತರಿಸಿದೆವು. ತಪಾಸಣೆಗೆ 350 ಡಾಲರ್. ಈ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಸ್ಟೆಪ್ನಿ, ಬ್ಯಾಟರಿ, ಒಂದಿಷ್ಟು ಸಾಮಾನು ಇಡುವ ಜಾಗ. ಎಂಜಿನ್ ಇರುವುದು ಸೀಟಿನ ಬೆನ್ನ ಹಿಂದೆ, ಕಾರ್ಪೆಟ್ಟಿನ ಅಡಿ. ನೆಟ್ಟಗೆ ನೋಡಬೇಕೆಂದರೆ ಕಾರಿನ ಕೆಳಗೇ ನಿಲ್ಲಬೇಕು. ಲಿಫ್ಟ್ ಇಲ್ಲದೆ ಬಾಕ್ಸ್‌ಸ್ಟರ್ ನೋಡಿದೆ ಎಂದು ಯಾರಾದರೂ ಹೇಳಿದರೆ ಬಣ್ಣ ನೋಡಿದ್ದಾರೆ ಅಷ್ಟೇ.

ಮೊದಲು ಕಂಪ್ಯೂಟರ್. ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕವನ್ನು ಈ ಕಾರು ಎರಡು ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳುತ್ತದೆ. ಮೊದಲನೆಯದು ಆಕ್ಸಿಲರೇಟರ್ ಒತ್ತಿ ಲಿಮಿಟರ್, ಅಂದರೆ ಎಂಜಿನ್ ಅತಿಯಾಗಿ ತಿರುಗದಂತೆ ತಡೆಯುವ ಏರ್ಪಾಡು, ಮುಟ್ಟಿದ್ದು. ಸ್ಪೋರ್ಟ್ಸ್ ಕಾರಿನಲ್ಲಿ ಅದು ಇದ್ದೇ ಇರುತ್ತದೆ. ಎರಡನೆಯದು ಭಯ ಹುಟ್ಟಿಸುವಂಥದ್ದು: ಮೂರರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದಾಗ ಚಕ್ರಗಳೇ ಎಂಜಿನ್ನನ್ನು ಎಳೆದು ತಿರುಗಿಸಿದ್ದು. ಅಲ್ಲಿ ಲಿಮಿಟರ್ ಏನೂ ಮಾಡಲಾರದು. ಈ ಕಾರಿನಲ್ಲಿ ಎರಡನೆಯ ಪಟ್ಟಿಯಲ್ಲಿ 12 ಎಂದಿತ್ತು. ಸುಧೀಂದ್ರನ ಮುಖ ಇಳಿಯಿತು. ಆದರೆ ಅದು ಕಿಡಿಗಳ ಲೆಕ್ಕ. ಆರು ಸಿಲಿಂಡರಿನ ಎಂಜಿನ್ ಪ್ರತಿ ಸಲ ಒಂದು ಸುತ್ತು ತಿರುಗಿದಾಗ ಮೂರು ಕಿಡಿ. ಹನ್ನೆರಡು ಎಂದರೆ ನಾಲ್ಕು ಸುತ್ತು, ಸೆಕೆಂಡಿನ ಒಂದು ಚೂರು. ಕೊನೆಯ ಬಾರಿ ಆದದ್ದು ಎಂಜಿನ್ 410 ಗಂಟೆ ಓಡಿದ್ದಾಗ. ಈಗ ಒಟ್ಟು 2,700 ಗಂಟೆ ದಾಟಿದೆ. ಏನಾದರೂ ಬಗ್ಗಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಅದೇ ಗಂಟೆಗಳಿಂದ ಮೈಲಿಯನ್ನು ಭಾಗಿಸಿದರೆ ಸರಾಸರಿ ವೇಗ ಗಂಟೆಗೆ 35 ಮೈಲಿಯ ಹತ್ತಿರ ಬರುತ್ತದೆ. ಹೆದ್ದಾರಿಯಲ್ಲಿ ಬಿಸಿಯಾಗಿ ಓಡಿದ ಕಾರು ಅನ್ನಲು ಇದು ಸಾಕು, ಓಡೋಮೀಟರ್ ತಿರುವಿಲ್ಲ ಎಂಬುದಕ್ಕೂ ಒಂದು ಸಾಕ್ಷಿ.

ಬಿಳಿ ಹೊಗೆಯ ಕಾರಣ ಸುಲಭಕ್ಕೆ ಸಿಕ್ಕಿತು. ಎಂಜಿನ್ ನಡೆಯುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆಯಲು ಹೋದರೆ ಒಳಗಿಂದ ಯಾರೋ ಎಳೆದು ಹಿಡಿದ ಹಾಗಿತ್ತು. ಆಯಿಲ್ ಆವಿಯನ್ನು ಬೇರ್ಪಡಿಸುವ ಸೆಪರೇಟರಿನೊಳಗಿನ ರಬ್ಬರ್ ಪದರ ಹರಿದರೆ ಹೀಗಾಗುತ್ತದೆ. ಮಲಗಿದ ಸಿಲಿಂಡರುಗಳ ಎಂಜಿನ್ನಿನಲ್ಲಿ ಸ್ಟಾರ್ಟ್ ಆದಾಗ ಚೂರು ಹೊಗೆ ಸಹಜ, ಇದು ಅದಕ್ಕಿಂತ ಹೆಚ್ಚು.

ಆಮೇಲೆ ಫಿಲ್ಟರ್. "ಹೊಸ ಆಯಿಲ್, ಹೊಸ ಫಿಲ್ಟರ್ ಖರ್ಚು ನನ್ನದು, ಹಳೆಯದನ್ನು ಕತ್ತರಿಸಿ ನೋಡಲು ಬಿಡಿ" ಎಂದು ಸುಧೀಂದ್ರ ಕೇಳಿದ್ದಕ್ಕೆ ಮೇಷ್ಟ್ರು ಖುಷಿಯಿಂದ ಒಪ್ಪಿದ್ದರು. ಅವರಿಗೆ ಅದು ಪುಕ್ಕಟೆ ಸರ್ವಿಸ್. ಎಂಟೂವರೆ ಲೀಟರಿನಷ್ಟು ಆಯಿಲ್ ಇಳಿದ ಮೇಲೆ ಮೆಕ್ಯಾನಿಕ್ ಫಿಲ್ಟರಿನ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ, ಮಡಿಕೆ ಮಡಿಕೆ ಬಿಡಿಸಿ ಬಿಳಿ ತಟ್ಟೆಯ ಮೇಲೆ ಹರಡಿದ. ದೀಪ ಹಿಡಿದು ಒಂದೊಂದೇ ಮಡಿಕೆಯ ತಳಕ್ಕೆ ಬೆರಳು ಒತ್ತಿ ಎಳೆದ. ಸಿಕ್ಕಿದ್ದು ಸಾಸಿವೆಗಿಂತ ಸಣ್ಣ ಕರಿ ಪ್ಲಾಸ್ಟಿಕ್ ಚೂರು ಕೆಲವು, ಅವು ಕ್ಯಾಮ್ ತಿರುಗಿಸುವ ಚೈನು ಜಾರುವ ಗೈಡಿನವು. ಕೂದಲಿನಂಥ ಅಲ್ಯುಮಿನಿಯಂ ಎಳೆ ಎರಡು. ಆಮೇಲೆ ಕಾಗದದ ಉದ್ದಕ್ಕೂ ಅಯಸ್ಕಾಂತ ಆಡಿಸಿದ. ಬೇರಿಂಗಿನ ಉಕ್ಕು ಅದಕ್ಕೆ ಅಂಟಬೇಕು. ಏನೂ ಅಂಟಲಿಲ್ಲ. ಆ ಗ್ಯಾರೇಜಿನಲ್ಲಿ ಅವತ್ತು ಆದ ಅಷ್ಟೂ ಕೆಲಸದಲ್ಲಿ ತೀರ್ಮಾನ ಮಾಡಿದ್ದು ಈ ಅರ್ಧ ಗಂಟೆ.

ಕೊನೆಗೆ ಒಂದು ಹೊಸ ದೋಷವೂ ಸಿಕ್ಕಿತು. ಹಿಂದಿನ ಡಿಕ್ಕಿಯ ಕಾರ್ಪೆಟ್ ಒಂದು ಮೂಲೆಯಲ್ಲಿ ತೇವ, ಸಿಹಿ ವಾಸನೆ. ಕೂಲೆಂಟ್ ಟ್ಯಾಂಕ್ ಬಿರುಕು ಬಿಟ್ಟಿತ್ತು. ಈ ಮಾದರಿಯಲ್ಲಿ ಅದು ಹೆಸರುವಾಸಿ ಕಾಯಿಲೆ. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ, ಸಪ್ಪಗಾದರು.

ಲೆಕ್ಕ

ಇಲ್ಲಿ ನಾನು ಸುಧೀಂದ್ರನಿಗೆ ಮತ್ತೆ ಮತ್ತೆ ಹೇಳಿದ್ದು ಒಂದೇ ವಿಷಯ. ಕ್ಲಚ್, ಆಯಿಲ್ ಸೋರುವ ಹಿಂಬದಿ ಸೀಲ್, ಐಎಂಎಸ್ ಬೇರಿಂಗ್, ಈ ಮೂರೂ ಕೂತಿರುವುದು ಗೇರ್‌ಬಾಕ್ಸಿನ ಹಿಂದೆ. ಸೆಪರೇಟರಿಗೆ ಕೈ ಹಾಕಲೂ ಗೇರ್‌ಬಾಕ್ಸ್ ಇಳಿದಾಗಲೇ ಸಲೀಸು. ಕೂಲಿಯ ಬಹುಪಾಲು ಹೋಗುವುದು ಇಳಿಸುವುದಕ್ಕೆ, ಏರಿಸುವುದಕ್ಕೆ. ಮೇಷ್ಟ್ರ ಪಟ್ಟಿಯಲ್ಲಿ ಕಾಯಿಲೆ ನಾಲ್ಕಿದ್ದರೂ ಚಾವಣಿ ಬಿಟ್ಟರೆ ಉಳಿದದ್ದೆಲ್ಲ ಒಂದೇ ಕೂಲಿಯ ಕೆಲಸ. ಕ್ಲಚ್ ಸವೆದಿಲ್ಲದ ಬೆಳ್ಳಿ ಕಾರಿಗೂ ಬೇರಿಂಗಿಗೆಂದೇ ಗೇರ್‌ಬಾಕ್ಸ್ ಇಳಿಸಲೇಬೇಕು, ಆಗ ಹೇಗೂ ಇಳಿದಿದೆ ಎಂದು ಕ್ಲಚ್ಚೂ ಹಾಕಿಸುತ್ತೇವೆ.

ಗ್ಯಾರೇಜು ಕೊಟ್ಟ ಅಂದಾಜು: ಕ್ಲಚ್, ಸೀಲ್, ಬೇರಿಂಗ್ ಕಿಟ್, ಸೆಪರೇಟರ್ ಎಲ್ಲ ಸೇರಿ 4,650 ಡಾಲರ್. ಕೂಲೆಂಟ್ ಟ್ಯಾಂಕಿಗೆ 720. ಚಾವಣಿಯ ಸವೆದ ಪ್ಲಾಸ್ಟಿಕ್ ಕೀಲುಗಳಿಗೆ 380. ಆ ಹಾಳೆಯನ್ನೇ ಮೇಷ್ಟ್ರ ಮುಂದಿಟ್ಟೆವು. ಚೌಕಾಸಿಯಲ್ಲಿ ಸುಧೀಂದ್ರ ತೀರಾ ಸಂಕೋಚದವನು, ಆದರೆ ಕಾಗದದ ಮೇಲಿನ ಅಂಕಿ ಅವನ ಪರವಾಗಿ ಮಾತಾಡಿತು. ಮೇಷ್ಟ್ರು ಕ್ಲಚ್ಚಿಗೆ ಒಂದು ಪೈಸೆಯನ್ನೂ ಇಳಿಸಲಿಲ್ಲ. "ಅದನ್ನು ಹೇಳಿಯೇ ಬೆಲೆ ಇಟ್ಟಿದ್ದೆ" ಎಂದರು, ನ್ಯಾಯವೇ. ಗೊತ್ತಿಲ್ಲದ ಟ್ಯಾಂಕಿಗೂ ರಸೀದಿ ಇಲ್ಲದ ಬೇರಿಂಗಿಗೂ ಇಳಿಸಿದರು. 9,400ಕ್ಕೆ ಮುಗಿಯಿತು. ರಿಪೇರಿ, ತಪಾಸಣೆ ಸೇರಿ ಒಟ್ಟು 15,500. ಹೆಸರು ವರ್ಗಾಯಿಸುವಾಗ ಅಲ್ಲಿನ ವಾಹನ ಇಲಾಖೆ ಡಿಎಂವಿಗೆ ಕಟ್ಟುವ ತೆರಿಗೆ ಬೇರೆ. ಬೆಳ್ಳಿ ಕಾರಿಗೆ ಇದೇ ಬೇರಿಂಗ್ ಕೆಲಸ, ಟೈರು ಸೇರಿಸಿದರೆ 23,000ದ ಹತ್ತಿರ ಹೋಗುತ್ತಿತ್ತು, ಅದೂ ಫಿಲ್ಟರ್ ನೋಡದೆ.

ಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ದು ಬೇರೆ ಕಾರಣಕ್ಕೆ. "ಎರಡೇ ಸೀಟಾ? ಹಾಗಾದ್ರೆ ಮಕ್ಕಳ ಟ್ಯೂಷನ್ನಿಗೆ, ಕಾಸ್ಕೋಗೆ ಹಳೇ ಗಾಡೀಲೇ ನೀವೇ ಹೋಗ್ತೀರಿ ತಾನೆ ರೀ?" ಎಂದು ಅವನ ಹೆಂಡತಿ ಖಾತ್ರಿ ಮಾಡಿಕೊಂಡರು. ಊರಿಗೆ ಹೋಗುವಾಗ ಇದನ್ನೂ ಹಡಗಿಗೆ ಹಾಕಿ ಒಯ್ಯಬಹುದಲ್ಲ ಎಂಬ ಕನಸೂ ಅವನಿಗೆ ಒಮ್ಮೆ ಬಿತ್ತು. ಭಾರತಕ್ಕೆ ಹಳೆಯ ಕಾರು ತರುವ ನಿಯಮದಲ್ಲಿ ಮೂರು ವರ್ಷಕ್ಕಿಂತ ಹಳೆಯದು ಸಲ್ಲದು, ಸ್ಟಿಯರಿಂಗ್ ಬಲಗಡೆಯೇ ಇರಬೇಕು. ಆಗುಂಬೆ ಘಾಟಿಯಲ್ಲಿ ಇದನ್ನು ಓಡಿಸುವ ಆಸೆ ಅಲ್ಲಿಗೆ ಬಿಟ್ಟ.

ಇಳಿಸಿದ ಮೇಲೆ

ಮೇಷ್ಟ್ರು ಸಹಿ ಹಾಕಿದ ಪಿಂಕ್ ಸ್ಲಿಪ್, ಅಂದರೆ ಕಾರಿನ ಮಾಲೀಕತ್ವದ ಪತ್ರ, ಕೈಗೆ ಬಂದ ವಾರವೇ ಕಾರು ಮತ್ತೆ ಗ್ಯಾರೇಜಿಗೆ ಹೋಯಿತು. ನಡುವೆ ಸ್ಕೈಲೈನ್ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರುತ್ತೇನೆ ಎಂದವನನ್ನು ನಾನು ತಡೆಯಲಿಲ್ಲ. ನಿಧಾನಕ್ಕೆ ಹೋಗು ಎಂದೆ, ಹೋದನೋ ಇಲ್ಲವೋ.

ಮೊದಲು ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪ್ ತಟ್ಟೆ ಬಿಚ್ಚಿಸಿದೆವು. ಕೊಳ್ಳುವ ಮುಂಚೆ ಅಷ್ಟು ಕೇಳುವುದು ಅತಿಯಾಗುತ್ತಿತ್ತು. ಇದು ಮುಖ್ಯ, ಏಕೆಂದರೆ ಹಳೆಯ ಬೇರಿಂಗ್ ಆಗಲೇ ಉದುರತೊಡಗಿದ್ದರೆ ಹೊಸದನ್ನು ಹಾಕಿ ಪ್ರಯೋಜನವಿಲ್ಲ. ಉಕ್ಕಿನ ಪುಡಿ ಎಂಜಿನ್ ಪೂರ್ತಿ ಹರಡಿರುತ್ತದೆ, ಹೊಸ ಬೇರಿಂಗನ್ನೂ ಅದೇ ತಿನ್ನುತ್ತದೆ. ಅಂಥದ್ದು ಕಂಡರೆ ಒಳ್ಳೆಯ ಗ್ಯಾರೇಜು ಕೆಲಸ ಅಲ್ಲಿಗೇ ನಿಲ್ಲಿಸುತ್ತದೆ. ತಟ್ಟೆಯಲ್ಲೂ ಪ್ಲಾಸ್ಟಿಕ್ ಚೂರು ಮಾತ್ರ ಇದ್ದವು.

ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಬಿಚ್ಚಿದ ಮೇಲೆ ಕ್ರ್ಯಾಂಕನ್ನು ಗುರುತಿಗೆ ತಂದು, ಕ್ಯಾಮುಗಳನ್ನು ಲಾಕ್ ಮಾಡಿ, ಚೈನ್ ಟೆನ್ಷನರುಗಳನ್ನು ತೆಗೆದು ಆಮೇಲೆ ಮುಚ್ಚಳ ಬಿಚ್ಚುತ್ತಾರೆ. ಲಾಕ್ ತಪ್ಪಿದರೆ ಟೈಮಿಂಗ್ ಕೈಯಾರೆ ಕೆಡಿಸಿದ ಹಾಗೆ. ಒಳಗಿದ್ದದ್ದು ಕಾರ್ಖಾನೆಯದ್ದೇ ಒಂದು ಸಾಲಿನ ಬೇರಿಂಗ್. ಪುಲ್ಲರ್ ಹಾಕಿ ಎಳೆದಾಗ ಹೊರಬಂದದ್ದನ್ನು ಕೈಗೆ ತೆಗೆದುಕೊಂಡು ನೋಡಿದೆ. ಸೀಲಿನ ಅಂಚು ಉಗುರಿಗೆ ಸಿಗದಷ್ಟು ಗಟ್ಟಿ. ಅದನ್ನು ಎಬ್ಬಿಸಿದರೆ ಒಳಗೆ ಗ್ರೀಸಿನ ಹೆಸರಿಲ್ಲ, ಕಂದು ಬಣ್ಣದ ತೆಳು ಆಯಿಲ್ ಜಾರಿ ಬಂತು, ಹಳಸಿದ ವಾಸನೆ. ಬೆರಳಲ್ಲಿ ತಿರುಗಿಸಿದಾಗ ಒಂದು ಜಾಗದಲ್ಲಿ ಮಾತ್ರ ಕರಕರ. ಗುಂಡುಗಳ ಮೇಲೆ ಕುಳಿ ಬಿದ್ದಿರಲಿಲ್ಲ. ಅದರ ಜಾಗಕ್ಕೆ ಸೆರಾಮಿಕ್ ಗುಂಡುಗಳ, ಎಂಜಿನ್ ಆಯಿಲ್ ಸರಾಗವಾಗಿ ಒಳಗೆ ಹೋಗಿಬರುವಂಥ ಬೇರಿಂಗ್ ಕೂತಿತು. ಕ್ಲಚ್ ಪ್ಲೇಟ್ ರಿವೆಟ್ಟಿನ ತನಕ ಸವೆದಿತ್ತು. ಫ್ಲೈವೀಲಿನ ಆಟ ಮಿತಿಯೊಳಗಿದ್ದದ್ದರಿಂದ ಅದನ್ನೇ ಮತ್ತೆ ಹಾಕಿದರು, ಅಷ್ಟು ದುಡ್ಡು ಉಳಿಯಿತು. ಬಿಲ್ಲು ಅಂದಾಜಿನ ಆಚೀಚೆಯೇ ಬಂತು.

ಮಳೆ

ಎಲ್ಲರೂ ಹೆದರಿದ್ದ ಬೇರಿಂಗ್ ಹೀಗೆ ಸುಮ್ಮನೆ ಮುಗಿಯಿತು. ನಿಜವಾಗಿ ನಿದ್ದೆ ಕೆಡಿಸಿದ್ದು ಯಾರ ಪಟ್ಟಿಯಲ್ಲೂ ಇಲ್ಲದ್ದು. ಕಾರು ಕೊಂಡದ್ದು ಆಗಸ್ಟಿನಲ್ಲಿ. ಬೇ ಏರಿಯಾದಲ್ಲಿ ಬೇಸಿಗೆಯಲ್ಲಿ ಹನಿ ಬೀಳುವುದಿಲ್ಲ. ನವೆಂಬರಿನ ಮೊದಲ ದೊಡ್ಡ ಮಳೆಯ ಮಾರನೆ ಬೆಳಗ್ಗೆ ಅಲಾರಂ ತಾನಾಗಿ ಕೂಗಿತು, ರಿಮೋಟಿಗೆ ಬಾಗಿಲು ಓಗೊಡಲಿಲ್ಲ. ಚಾಲಕನ ಸೀಟಿನಡಿ ಕಾರ್ಪೆಟ್ ಒತ್ತಿದರೆ ನೀರು. ಈ ಕಾರಿನಲ್ಲಿ ಅಲಾರಂ ಮತ್ತು ಕಳ್ಳಕೀಲಿಗೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ನೋಡಿಕೊಳ್ಳುವ ಪೆಟ್ಟಿಗೆಯನ್ನು ಸೀಟಿನ ಅಡಿಯಲ್ಲಿ, ನೆಲದ ಮಟ್ಟದಲ್ಲೇ ಇಟ್ಟಿದ್ದಾರೆ. ಮಳೆ ಬೀಳುವ ದೇಶದಲ್ಲಿ ಮೇಲ್ಛಾವಣಿ ಮಡಚುವ ಕಾರು ಮಾಡಿದವರಿಗೆ ಅದು ಹೇಗೆ ಸರಿ ಕಂಡಿತೋ. ಪೆಟ್ಟಿಗೆ ಸುಟ್ಟರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಸ್ಟಾರ್ಟ್ ಆಗುವುದಿಲ್ಲ; ಹೊಸದಕ್ಕೆ ಕೀಲಿ ಕೋಡುಗಳನ್ನೆಲ್ಲ ಮತ್ತೆ ಕಲಿಸಬೇಕು.

ಕಾರಣ ಮೇಷ್ಟ್ರ ಮನೆಯ ಮುಂದಿನ ಮರ. ಚಾವಣಿ ಮಡಚಿ ಕೂರುವ ತೊಟ್ಟಿಯ ಎರಡೂ ಬದಿಗೆ ನೀರು ಹೋಗುವ ತೂತುಗಳಿವೆ. ಕೊಳೆತ ಎಲೆ ಕಟ್ಟಿಕೊಂಡು ನೀರು ಒಳಕ್ಕೆ ತಿರುಗಿತ್ತು. ಸೀಟು ಬಿಚ್ಚಿ, ಪೆಟ್ಟಿಗೆ ಹೊರತೆಗೆದು ನೋಡಿದರೆ ಕನೆಕ್ಟರಿನ ಮೂರ್ನಾಲ್ಕು ಪಿನ್ನಿಗೆ ಹಸಿರು ಕಿಲುಬು, ಒಳಗಿನ ಬೋರ್ಡು ಹೇಗೋ ಉಳಿದಿತ್ತು. ಕಿಲುಬು ಉಜ್ಜಿ ತೆಗೆದು, ಎರಡು ದಿನ ಒಣಗಿಸಿ ಹಾಕಿದ ಮೇಲೆ ಬದುಕಿತು. ತೂತುಗಳನ್ನು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ಬಿಡಿಸಿದೆವು. ಖರ್ಚು ಏನೂ ಇಲ್ಲ ಎನ್ನಬೇಕು. 350 ಡಾಲರಿನ ತಪಾಸಣೆಯಲ್ಲಿ ಒಂದು ಚೊಂಬು ನೀರು ಆ ತೊಟ್ಟಿಗೆ ಸುರಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಇಳಿಯುತ್ತದೆಯೇ ಎಂದು ನೋಡುವುದನ್ನು ನಾನೀಗ ಯಾರಿಗೇ ಆದರೂ ಮೊದಲಿಗೇ ಹೇಳುತ್ತೇನೆ.

ಯಾರಿಗೆ ಇಂಥ ಕಾರು ಬೇಡ ಎಂದು ಕೇಳಿದರೆ, ಕೊಂಡ ಬೆಲೆಯ ಅರ್ಧದಷ್ಟನ್ನು ಬೇರೆಯಾಗಿ ಎತ್ತಿಡಲಾಗದವರಿಗೆ, ಕೆಲಸಕ್ಕೆ ಹೋಗಲು ಇದೊಂದೇ ಗಾಡಿ ಇರುವವರಿಗೆ. ಸುಧೀಂದ್ರನಿಗೆ ಎರಡೂ ಅನುಕೂಲ ಇತ್ತು. ಅವನೀಗ ಐದು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಿಸುತ್ತಾನೆ, ಪ್ರತಿ ಸಲ ಫಿಲ್ಟರ್ ಕತ್ತರಿಸಿ ಫೋಟೋ ಕಳಿಸುತ್ತಾನೆ. ಚಾವಣಿಯ ಕೀಲು ಆಯಿತು. ಬಾಕಿ ಇರುವುದು ಮುಂದಿನ ಬಂಪರ್ ಬಿಚ್ಚಿ ರೇಡಿಯೇಟರು, ಎಸಿ ಕಂಡೆನ್ಸರುಗಳ ಸಂದಿಯಲ್ಲಿ ಕೂತ ಎಲೆ ತೆಗೆಯುವ ಕೆಲಸ. ಆ ಮರದ ಪಾಲು ಅಲ್ಲೂ ಇದೆ.